ಮುಂಬಯಿ ಸೋತ ವರ್ಷ

ಧಾರವಾಡದಲ್ಲಿ ಸಂಜೆಯ ತಿರುಗಾಟ ಮುಗಿಸಿ ಕರ್ನಾಟಕ ಕಾಲೇಜಿನ ಮೈದಾನದ ಬಳಿ ಕಟ್ಟೆಯ ಮೇಲೆ ಕೂಡುವ ಹಿರಿಯರ ಮಾತು ಸಾಮಾನ್ಯವಾಗಿ ಪಿಂಚಣಿಯಿಂದ ಆರಂಭವಾಗಿ ಮೊಣಕಾಲಿನ ನೋವಿನಲ್ಲಿ ಮುಕ್ತಾಯವಾಗುತ್ತದೆ. ಆದರೆ ನಡುವೆ ಯಾರಾದರೊಬ್ಬರು ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ಟಿನ ಹೆಸರೆತ್ತಿದರೆಂದರೆ ಮೊಣಕಾಲುಗಳು ತಾವಾಗಿ ನೆಟ್ಟಗಾಗುತ್ತವೆ. ಕೈಯಲ್ಲಿದ್ದ ಊರುಗೋಲು ದಾಂಡಾಗುತ್ತದೆ. ಎಪ್ಪತ್ತು ದಾಟಿದವರೊಬ್ಬರು ಎದ್ದು ನಿಂತು, ಮಣಿಕಟ್ಟನ್ನು ಕೊನೆಯ ಗಳಿಗೆಯಲ್ಲಿ ಹೇಗೆ ತಿರುಗಿಸಬೇಕೆಂಬುದನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸುತ್ತಾರೆ.

ಹಳೆಯ ಕ್ರಿಕೆಟ್ ಪ್ರೇಮಿಗಳ ನೆನಪುಗಳಲ್ಲಿ ಎರಡು ಬಗೆ: ಕಣ್ಣಾರೆ ಕಂಡದ್ದು ಒಂದು, ಕಿವಿಯಾರೆ ಕೇಳಿ ಕಂಡೆವೆಂದು ನಂಬಿದ್ದು ಇನ್ನೊಂದು. ಹುಬ್ಬಳ್ಳಿ-ಧಾರವಾಡದವರ ಪಾಲಿಗೆ ಬಂದದ್ದು ಬಹುಮಟ್ಟಿಗೆ ಎರಡನೆಯದೇ. ದೊಡ್ಡ ಪಂದ್ಯಗಳೆಲ್ಲ ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಮದರಾಸಿನಲ್ಲಿ. ಇಲ್ಲಿಯವರಿಗೆ ರೇಡಿಯೋ, ಮರುದಿನದ 'ಸಂಯುಕ್ತ ಕರ್ನಾಟಕ', ಮತ್ತು 1968ರವರೆಗೆ ಮದರಾಸಿನಿಂದ ಬರುತ್ತಿದ್ದ 'ಸ್ಪೋರ್ಟ್ ಅಂಡ್ ಪಾಸ್‌ಟೈಮ್' ಪತ್ರಿಕೆಯ ಚಿತ್ರಗಳು. ಅಷ್ಟರಿಂದಲೇ ಒಂದು ಪೀಳಿಗೆ ತನ್ನ ಆಟಗಾರರನ್ನು ಮನಸ್ಸಿನಲ್ಲಿ ಕಡೆದುಕೊಂಡಿತು. ಕಂಡವರಿಗಿಂತ ಕೇಳಿದವರ ನೆನಪೇ ಹೆಚ್ಚು ಸ್ಪಷ್ಟವಾಗಿರುವುದು ಆಶ್ಚರ್ಯವಾದರೂ ಸತ್ಯ.

ಈ ಕಟ್ಟೆಯಲ್ಲಿ ಇಂದಿಗೂ ತೀರದ ವ್ಯಾಜ್ಯವೊಂದಿದೆ. ಅದು 1974ರ ಮಾರ್ಚ್ ತಿಂಗಳಿನದು.

ವ್ಯಾಜ್ಯದ ಮೂಲ ಇನ್ನೂ ಹಿಂದಿದೆ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಓದಿಗೆ ಪುಣೆ, ಉದ್ಯೋಗಕ್ಕೆ ಮುಂಬಯಿ ಎಂಬುದು ಅಂದಿನ ರೂಢಿ. ನಕಾಶೆಯಲ್ಲಿ ಬೆಂಗಳೂರು ಹತ್ತಿರವಿದ್ದರೂ ಮನಸ್ಸಿನಲ್ಲಿ ದೂರವಿತ್ತು. ಆ ಕಾಲದ ಹಿರಿಯರಿಗೆ ಕ್ರಿಕೆಟ್ಟೆಂದರೆ ವಿಜಯ ಮರ್ಚಂಟ್ ಮತ್ತು ಸಾಂಗಲಿಯ ವಿಜಯ ಹಜಾರೆ. 1943ರ ಪೆಂಟ್ಯಾಂಗ್ಯುಲರ್ ಅಂತಿಮ ಪಂದ್ಯದಲ್ಲಿ ತಂಡದ 387 ಓಟಗಳ ಪೈಕಿ ಹಜಾರೆಯವರೊಬ್ಬರೇ 309 ಗಳಿಸಿದ್ದನ್ನು ಅವರು ಪುರಾಣದಂತೆ ಹೇಳುತ್ತಿದ್ದರು. ರಾಜ್ಯದ ಎಲ್ಲೆಗಳನ್ನು ಒಂದು ರಾತ್ರಿಯಲ್ಲಿ ಬದಲಿಸಬಹುದು. ಆದರೆ ಬಾಲ್ಯದಲ್ಲಿ ಆರಿಸಿಕೊಂಡ ಆಟಗಾರನನ್ನು ಬದಲಿಸುವ ಕಾನೂನು ಯಾವ ಸಂಸತ್ತಿನಲ್ಲಿಯೂ ಆಗಿಲ್ಲ.

ಕಟ್ಟೆಯ ಮೇಲಿನ ನಿವೃತ್ತ ಮಾಸ್ತರರೊಬ್ಬರ ತಂದೆ ಇಂಥವರಲ್ಲಿ ಒಬ್ಬರು. ನ್ಯಾಯಾಲಯದಲ್ಲಿ ಗುಮಾಸ್ತರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತಾಗ, ಕಚೇರಿ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದವರು. ಆಲೂರು ವೆಂಕಟರಾಯರ ಮಾತು ಬಂದರೆ ಕಣ್ಣು ತೇವವಾಗುತ್ತಿತ್ತು. ಇಷ್ಟಾದರೂ ಅವರ ಕ್ರಿಕೆಟ್ ಮಾತ್ರ ಮುಂಬಯಿಯದೇ. ಅದಕ್ಕೆ ಅವರಲ್ಲಿ ಒಂದು ಸಮರ್ಥನೆಯೂ ಇತ್ತು: ರಾಜ್ಯಕ್ಕೆ ಇನ್ನೂ 'ಮೈಸೂರು' ಎಂದೇ ಹೆಸರು, ತಂಡಕ್ಕೂ ಅದೇ ಹೆಸರು, ಧಾರವಾಡದವನಿಗೆ ಮೈಸೂರು ಬೇರೆಯಲ್ಲ, ಮುಂಬಯಿ ಬೇರೆಯಲ್ಲ.

1973ರ ನವೆಂಬರ್ 1ರಂದು ಆ ಸಮರ್ಥನೆ ಕೈಜಾರಿತು. ರಾಜ್ಯವು ಕರ್ನಾಟಕವಾಯಿತು. 1964ರಲ್ಲಿ ತೀರಿಕೊಂಡ ಆಲೂರರಿಗೆ ಆ ದಿನವನ್ನು ನೋಡುವ ಭಾಗ್ಯವಿರಲಿಲ್ಲ. ರಣಜಿ ತಂಡವೂ ಆ ಋತುವಿನಲ್ಲಿ ಮೊದಲ ಬಾರಿಗೆ ಕರ್ನಾಟಕದ ಹೆಸರಿನಲ್ಲಿ ಕಣಕ್ಕಿಳಿಯಿತು, ಮತ್ತು ಉಪಾಂತ್ಯದಲ್ಲಿ ಬೆಂಗಳೂರಿನಲ್ಲಿ ಅದರ ಎದುರಿಗೆ ಬಂದು ನಿಂತದ್ದು ಮುಂಬಯಿ! 1958-59ರಿಂದ ಸತತವಾಗಿ ಹದಿನೈದು ವರ್ಷ ರಣಜಿ ಪಾರಿತೋಷಕವನ್ನು ಬಿಟ್ಟುಕೊಡದ ತಂಡ. ನಾಯಕ ಅಜಿತ್ ವಾಡೇಕರ್, ಜೊತೆಗೆ ಸುನೀಲ ಗಾವಸ್ಕರ್.

ಮಾಸ್ತರರು ಆಗ ಕಾಲೇಜಿನ ವಿದ್ಯಾರ್ಥಿ. "ಅಪ್ಪಾ, ಈ ಸಲ ನಮ್ಮವರು ಗೆಲ್ಲತಾರ ನೋಡ್ರಿ" ಎಂದರು.

ತಂದೆ ರೇಡಿಯೋದ ಕಿವಿ ಹಿಂಡುತ್ತ, "ನಮ್ಮವರು ಅಂದ್ರ ಯಾರೋ?" ಎಂದರು.

"ಇಬ್ಬರೂ ಊಟಕ್ಕ ಏಳ್ರಿ ಮೊದಲ, ಅನ್ನ ಆರಿ ಹೋತು" ಎಂಬ ತಾಯಿಯ ತೀರ್ಪಿನಿಂದ ಅಂದಿನ ಸಭೆ ಮುಂದೂಡಲ್ಪಟ್ಟಿತು.

ಪಂದ್ಯದ ಕಥೆ ಬಲ್ಲವರಿಗೆ ಹೊಸದಲ್ಲ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಎರಪಳ್ಳಿ ಪ್ರಸನ್ನರ ಚೆಂಡು ಗಾವಸ್ಕರರ ಗೂಟವನ್ನು ಕೆಡವಿತು. ವಾಡೇಕರ್ ನೆಲೆಯೂರಿ ಆಡುತ್ತಿದ್ದವರು ಓಟದ ನಡುವೆ ಕಾಲುಜಾರಿ ರನ್‌ಔಟ್ ಆದರು. ಮೊದಲ ಸರದಿಯ ಮುನ್ನಡೆಯಿಂದ ಕರ್ನಾಟಕ ಫೈನಲ್ ತಲುಪಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಹೆಸರು ಪಡೆದ ಮೊದಲ ವರ್ಷದಲ್ಲೇ ಪಾರಿತೋಷಕವನ್ನು ಮನೆಗೆ ತಂದಿತು.

ವಾಡೇಕರ್ ಜಾರದಿದ್ದರೆ? ಇದೇ ವ್ಯಾಜ್ಯ. ಕಟ್ಟೆಯ ಮುಂಬಯಿ ಪಕ್ಷದವರು (ಅವರಲ್ಲಿ ಈಗ ಉಳಿದಿರುವವರು ಒಬ್ಬರೇ ರಾಯರು) ಈ ಒಂದು ಪ್ರಶ್ನೆಯ ಆಧಾರದ ಮೇಲೆ ಐವತ್ತು ವರ್ಷ ವಾದ ಮುಂದುವರಿಸಿದ್ದಾರೆ. ವಿಶ್ವನಾಥರು ಗಾವಸ್ಕರರ ತಂಗಿಯನ್ನೇ ಮದುವೆಯಾಗಿ ಎರಡು ಮನೆಗಳೂ ಬೀಗರಾದರೂ ಇಲ್ಲಿಯ ಜಗಳ ನಿಂತಿಲ್ಲ.

ಆ ತಂಡದ ಆಟಗಾರರ ಮೇಲೆ ಮಧ್ಯಮವರ್ಗದ ಮನೆಗಳಿಗೆ ಅಷ್ಟೊಂದು ಮಮತೆ ಏಕೆಂದರೆ, ಅವರು ಮನೆಯ ಹುಡುಗರಂತೆಯೇ ಇದ್ದರು. ಪ್ರಸನ್ನರು 1962ರ ವೆಸ್ಟ್ ಇಂಡೀಸ್ ಪ್ರವಾಸದಿಂದ ಮರಳಿ, ತಂದೆಯನ್ನು ಕಳೆದುಕೊಂಡು, ಆಟವನ್ನು ಬದಿಗಿರಿಸಿ ಇಂಜಿನಿಯರಿಂಗ್ ಪದವಿ ಮುಗಿಸಿದರು. ಟೆಸ್ಟ್ ತಂಡಕ್ಕೆ ಹಿಂದಿರುಗಿದ್ದು 1967ರಲ್ಲಿ. ಮಕ್ಕಳ ದಾಂಡನ್ನು ಅಟ್ಟಕ್ಕೆಸೆಯುತ್ತಿದ್ದ ತಂದೆಯರೆಲ್ಲರಿಗೂ ಪ್ರಸನ್ನರೊಬ್ಬರು ಪೂಜ್ಯರು! ವಿಶ್ವನಾಥರಿಗೆ ಸ್ಟೇಟ್ ಬ್ಯಾಂಕಿನಲ್ಲಿ ನೌಕರಿ. ಭದ್ರಾವತಿಯಲ್ಲಿ ಹುಟ್ಟಿದ ಆ ಕುಳ್ಳ ಹುಡುಗ 1969ರಲ್ಲಿ ಕಾನ್ಪುರದ ತಮ್ಮ ಪ್ರಥಮ ಟೆಸ್ಟಿನಲ್ಲಿ ಮೊದಲು ಸೊನ್ನೆ, ಮರುಸರದಿಯಲ್ಲಿ 137 ಮಾಡಿದ್ದು ಪರೀಕ್ಷೆಯಲ್ಲಿ ನಪಾಸಾದ ಎಷ್ಟು ಮಕ್ಕಳಿಗೆ ಸಮಾಧಾನವಾಯಿತೋ ಲೆಕ್ಕವಿಲ್ಲ. ಮೈಸೂರಿನ ಚಂದ್ರಶೇಖರರಂತೂ ಪೋಲಿಯೋದಿಂದ ಸೊರಗಿದ ತೋಳಿನಿಂದಲೇ 1971ರ ಓವಲ್ ಟೆಸ್ಟಿನಲ್ಲಿ 38 ಓಟಕ್ಕೆ ಆರು ಮಂದಿಯನ್ನು ಕೆಡವಿ ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ವಿಜಯದ ದಾರಿ ಮಾಡಿದರು. ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್ 242, ಗಳಿಸಿದ ಓಟ 167. ಈ ಅಂಕಿಗಳನ್ನು ಮೊಮ್ಮಕ್ಕಳಿಗೆ ಹೇಳಿದರೆ ಅವರು ಕೇಳುವ ಪ್ರಶ್ನೆ ಒಂದೇ: "ಅಜ್ಜಾ, ಅವರನ್ನ ಹರಾಜಿನ್ಯಾಗ ಎಷ್ಟಕ್ಕ ತಗೊಂಡಿದ್ರು?"

ಆದರೆ ಈ ಮಮತೆಯಲ್ಲಿ ಒಂದು ಮುಳ್ಳೂ ಇತ್ತು. ಕರ್ನಾಟಕವೆಂಬ ಹೆಸರಿಗೆ ಹಂಬಲಿಸಿದ ಊರುಗಳಿಂದ ಕರ್ನಾಟಕದ ತಂಡಕ್ಕೆ ಎಷ್ಟು ಮಂದಿ? ಬೆಂಗಳೂರು, ಮೈಸೂರುಗಳ ಹೆಸರೇ ಪಟ್ಟಿಯ ತುಂಬ. ಚಪ್ಪಾಳೆ ನಮ್ಮದು, ಆಟ ಅವರದು ಎಂಬ ಕೊರಗು ಹುಬ್ಬಳ್ಳಿಯ ಹುಡುಗರಿಗೆ ಬಹುಕಾಲ ಉಳಿದಿತ್ತು, ಮತ್ತು ಅದು ಅಕಾರಣವಾದ ಕೊರಗಲ್ಲ. ಆದ್ದರಿಂದಲೇ ಗದಗಿನ ಸುನೀಲ ಜೋಶಿಯ ಹೆಸರು ಇಲ್ಲಿ ಬೇರೆಯೇ ಧ್ವನಿಯಲ್ಲಿ ಉಚ್ಚಾರವಾಗುತ್ತದೆ. ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಸುಮಾರು ಅರವತ್ತು ಕಿಲೋಮೀಟರ್ ಬಂದು, ಅಭ್ಯಾಸ ಮುಗಿಸಿ, ಶಾಲೆಯ ವೇಳೆಗೆ ಹಿಂದಿರುಗುತ್ತಿದ್ದ ಹುಡುಗ ಆತ. 1996ರಲ್ಲಿ ಟೆಸ್ಟ್ ಆಡಿದ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ಓಟ ಕೊಟ್ಟು ಐದು ವಿಕೆಟ್ ಕಿತ್ತ. ಅಂದು ಹುಬ್ಬಳ್ಳಿಯಲ್ಲಿ ಗೆದ್ದವರು ಯಾರೆಂದು ಕೇಳುವ ಪ್ರಸಂಗವಿರಲಿಲ್ಲ.

ಮಾಸ್ತರರ ತಂದೆ ಆ ದಿನ ನೋಡಲು ಇರಲಿಲ್ಲ. ಮುಂಬಯಿ ಸೋತ ಸುದ್ದಿ ಬಂದ ಸಂಜೆ ಅವರು ಮಾತನಾಡದೆ ಅಂಗಿ ಹಾಕಿಕೊಂಡು ಹೊರಬಿದ್ದರಂತೆ. ರಾತ್ರಿ ಮರಳಿದಾಗ ಕೈಯಲ್ಲಿ ಫೇಡೆಯ ಪೊಟ್ಟಣ. ಮಗ ಆನಂದದಿಂದ ಕೇಳಿದ್ದಕ್ಕೆ, "ನಾಳೆ ಶನಿವಾರ, ಹನುಮಪ್ಪಗ ನೈವೇದ್ಯಕ್ಕ ತಂದೇನಿ" ಎಂದು ಮುಖ ತಿರುಗಿಸಿದರು. ಮರುದಿನ ಶನಿವಾರವಲ್ಲವೆಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ.

ಹಳೆಯ ಟ್ರಂಕಿನಲ್ಲಿ ಈಚೆಗೆ ಅವರ ಜಮಾಖರ್ಚಿನ ವಹಿ ಸಿಕ್ಕಿತು. ಹಾಲು, ಕಿರಾಣಿ, ಬಾಡಿಗೆಗಳ ನಡುವೆ ಆ ದಿನದ ಒಂದು ಸಾಲು: 'ಫೇಡೆ, ಅರ್ಧ ಸೇರು, ಕರ್ನಾಟಕದ ಬಾಬ್ತು.' ಮಾಸ್ತರರು ವಹಿಯನ್ನು ಬಗಲಲ್ಲಿಟ್ಟುಕೊಂಡು ಕಟ್ಟೆಗೆ ಬಂದು ರಾಯರ ಕೈಗಿತ್ತರು. ರಾಯರು ಕನ್ನಡಕ ಏರಿಸಿ, ಆ ಸಾಲನ್ನು ಎರಡು ಸಲ ಓದಿ, ವಹಿಯನ್ನು ಮೆಲ್ಲನೆ ಮುಚ್ಚಿ ಹಿಂದಿರುಗಿಸಿದರು.

"ನಿಮ್ಮ ತಂದಿಯವರು ದೊಡ್ಡವರ್ರೀ ಮಾಸ್ತರ" ಎಂದರು. ಸ್ವಲ್ಪ ತಡೆದು, "ಆದರ ವಾಡೇಕರ ಜಾರಿರಲಿಲ್ಲ ಅಂದ್ರ ಈ ಖರ್ಚು ಉಳೀತಿತ್ತು."