ಮುಖದ ಕಲೆ, ಮದುವೆಯ ಅವಸರ



ಭೀಮಾ ದಂಡೆಯ ನಮ್ಮ ದೇವಣಗಾಂವದಲ್ಲಿ, ಆಚೆ ಆಲಮೇಲ, ಸಿಂದಗಿಯ ಕಡೆಯಲ್ಲೂ ಇತ್ತೀಚಿನ ವರ್ಷಗಳಲ್ಲಿ ತಾಯಂದಿರ ಬಾಯಿಂದ ಒಂದೇ ಪ್ರಶ್ನೆ ಪದೇ ಪದೇ ಕೇಳಿ ಬರುತ್ತಿದೆ. "ಆಪಾ, ಲೇಸರ್ ಮಾಡಿಸಿದ್ರ ಇಕಿ ಮಾರಿ ಮ್ಯಾಲಿನ ಕಲಿ ಹೋಗ್ತಾವೇನ್ರಿ? ಶಾಬಾನ್‌ದಾಗ ಮಂಗನಿ ಇಟ್ಕೊಂಡೀವಿ." ಹೀಗೆ ಕೇಳುವಾಗ ಮಗಳು ಪಕ್ಕದಲ್ಲೇ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಅವಳ ಮಾತು ಯಾರೂ ಕೇಳುವುದಿಲ್ಲ.

ನಾನು ವೈದ್ಯೆಯಲ್ಲ. ಆದರೆ ಲೇಸರ್ ಮಾಡಿಸಿಕೊಂಡು ಬಂದ ಹೆಣ್ಣುಮಕ್ಕಳ ಅನುಭವಗಳನ್ನು ಹತ್ತಿರದಿಂದ ಕೇಳಿದ್ದೇನೆ. ಚರ್ಮರೋಗ ತಜ್ಞರಿಂದಲೂ ಕೇಳಿ ತಿಳಿದುಕೊಂಡಿದ್ದೇನೆ. ಈ ತಿಂಗಳು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲು ಧರ್ಮದ ಮಾತು. ಏಕೆಂದರೆ ಕೆಲವು ಹುಡುಗಿಯರು ಇದನ್ನು ಅಲ್ಲಾಹನ ಸೃಷ್ಟಿಯನ್ನು ಬದಲಿಸುವ ಪಾಪವೆಂದು ಹೆದರಿ ಸುಮ್ಮನಿರುತ್ತಾರೆ. ಬರಿಯ ಅಲಂಕಾರಕ್ಕಾಗಿ ಹಚ್ಚೆ ಹಾಕಿಸುವುದು, ಹಲ್ಲು ಉಜ್ಜಿಸಿ ಸಂದು ಮಾಡಿಸುವುದು ಇವುಗಳನ್ನು ಪ್ರವಾದಿವರ್ಯರು(ಸ) ಖಂಡಿಸಿದ್ದಾರೆ ನಿಜ. ಆದರೆ ರೋಗದಿಂದಲೋ ಗಾಯದಿಂದಲೋ ಬಂದ ಊನವನ್ನು ಸರಿಪಡಿಸಿಕೊಳ್ಳುವುದು ಬೇರೆ. ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿ ಅರ್ಫಜ ಬಿನ್ ಅಸ್‌ಅದ್(ರ) ಎಂಬ ಸಹಾಬಿಯ ಪ್ರಸಂಗವಿದೆ. ಕುಲಾಬ್ ಎಂಬಲ್ಲಿ ನಡೆದ ಯುದ್ಧದಲ್ಲಿ ಅವರ ಮೂಗು ತುಂಡಾಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ದುರ್ವಾಸನೆ ಬಂತು. ಆಗ ಪ್ರವಾದಿವರ್ಯರು(ಸ) ಬಂಗಾರದ ಮೂಗು ಮಾಡಿಸಿಕೊಳ್ಳುವಂತೆ ಹೇಳಿದರು. ಗಂಡಸರಿಗೆ ಬಂಗಾರ ಧರಿಸುವುದು ನಿಷಿದ್ಧವಾಗಿದ್ದೂ ಮುಖದ ಊನಕ್ಕಾಗಿ ಅನುಮತಿ ಸಿಕ್ಕಿತು ಎಂಬುದನ್ನು ಗಮನಿಸಿ. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಕೂಡ ಸುಟ್ಟ ಗಾಯ, ಅಪಘಾತ, ಕಾಯಿಲೆಗಳು ಉಳಿಸಿದ ಕುರೂಪಕ್ಕೆ ಚಿಕಿತ್ಸೆ ಪಡೆಯಬಹುದೆಂದೇ ತೀರ್ಮಾನಿಸಿದರು. ಮೊಡವೆ ಒಂದು ಕಾಯಿಲೆ, ಅದು ಬಿಟ್ಟುಹೋದ ಗುಳಿ ಆ ಕಾಯಿಲೆಯ ಗುರುತು. ಆದ್ದರಿಂದ ಆ ಹೆದರಿಕೆ ಬೇಡ.

ಇನ್ನು ಲೇಸರ್ ಏನು ಮಾಡುತ್ತದೆ ಎಂಬುದು. ಬಹಳ ಜನ ಇದನ್ನು ಪಾಟಿಯ ಮೇಲಿನ ಅಕ್ಷರ ಒರೆಸುವ ಅರಿವೆಯಂತೆ ತಿಳಿದಿದ್ದಾರೆ. ಹಾಗಿಲ್ಲ. ಕಲೆಗಳಿಗೆ ಹೆಚ್ಚಾಗಿ ಬಳಸುವುದು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದರ ಕಿರಣವನ್ನು ಚರ್ಮದೊಳಗಿನ ನೀರು ಹೀರಿಕೊಂಡು ಬಿಸಿಯಾಗುತ್ತದೆ. ಹೀಗೆ ಸೂಜಿಮೊನೆಗಿಂತ ಸಣ್ಣದಾದ ನೂರಾರು ಗಾಯಗಳು ಸಾಲಾಗಿ ಆಗುತ್ತವೆ. ನಡುನಡುವಿನ ಚರ್ಮ ಹಾಗೆಯೇ ಉಳಿಯುವುದರಿಂದ ಗಾಯ ಬೇಗ ಮಾಯುತ್ತದೆ. ಮಾಯುವಾಗ ಒಳಗೆ ಹೊಸ ಕೊಲಾಜೆನ್ ಕೂಡಿ ಗುಳಿ ಸ್ವಲ್ಪ ಮೇಲೇಳುತ್ತದೆ. ಚರ್ಮವನ್ನು ಹೀಗೆ ಬಿಡಿಬಿಡಿಯಾಗಿ ಗಾಯಗೊಳಿಸುವ ವಿಧಾನವನ್ನು ಅಮೆರಿಕದ ವೈದ್ಯರು 2004ರಲ್ಲಿ ಪ್ರಕಟಿಸಿದರು. ಅಂದರೆ ಇದು ಚರ್ಮಕ್ಕೆ ಬೇಕೆಂದೇ ಗಾಯ ಮಾಡಿ, ಮಾಯುವ ಶಕ್ತಿಯನ್ನು ಬಳಸಿಕೊಳ್ಳುವ ಕ್ರಮ. ಈಗಾಗಲೇ ಕೀವು ತುಂಬಿದ ಮೊಡವೆಗಳಿರುವ ಮುಖಕ್ಕೆ ಇದನ್ನು ಮಾಡಬಾರದೇಕೆ ಎಂಬುದು ಇಲ್ಲಿಗೇ ಗೊತ್ತಾಗುತ್ತದೆ.

ಎಲ್ಲ ಗುಳಿಗಳೂ ಒಂದೇ ಅಲ್ಲ. ಸೂಜಿ ಚುಚ್ಚಿದಂತೆ ಕಿರಿದಾಗಿ ಆಳಕ್ಕಿಳಿದ ಗುಳಿಗೆ ಲೇಸರ್ ಅಷ್ಟಾಗಿ ತಾಗುವುದಿಲ್ಲ. ಅದಕ್ಕೆ ಗುಳಿಯೊಳಗೆ ಆ್ಯಸಿಡ್ ಇಡುವ ಬೇರೆ ಚಿಕಿತ್ಸೆ ಇದೆ. ಅಗಲವಾದ, ಅಂಚು ಇರುವ ಗುಳಿಗೆ ಲೇಸರ್ ಚೆನ್ನಾಗಿ ಒಗ್ಗುತ್ತದೆ. ಅಲೆಯಂತೆ ತಗ್ಗಿದ ಚರ್ಮಕ್ಕೆ ಕೆಳಗಿನ ಎಳೆಗಳನ್ನು ಸೂಜಿಯಿಂದ ಬಿಡಿಸಬೇಕಾಗುತ್ತದೆ. ಇನ್ನು ಗುಳಿಯೇ ಇಲ್ಲದೆ ಬರಿಯ ಕಂದು ಬಣ್ಣದ ಮಚ್ಚೆ ಉಳಿದಿದ್ದರೆ ಅದು ತಿಂಗಳುಗಳು ಕಳೆದಂತೆ ತಾನಾಗಿಯೇ ತಿಳಿಯಾಗುವುದೇ ಹೆಚ್ಚು. ಅದಕ್ಕಾಗಿ ಲೇಸರ್‌ಗೆ ಓಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸಿಂದಗಿ ಹತ್ತಿರದ ಹಳ್ಳಿಯ ಒಬ್ಬ ತಂಗಿ, ಎರಡು ಮಕ್ಕಳ ತಾಯಿ, ಸೊಲ್ಲಾಪುರಕ್ಕೆ ಹೋಗಿ ಮೂರು ಸಲ ಮಾಡಿಸಿಕೊಂಡಳು. ಅವಳು ಹೇಳಿದ್ದು ಹೀಗೆ. ಮೊದಲು ಮರಗಟ್ಟಿಸುವ ಮುಲಾಮು ಹಚ್ಚಿ ಒಂದು ಗಂಟೆ ಕೂರಿಸಿದರು. ಆಮೇಲೂ ಕಾದ ಟಾಚಣಿ ಚುಚ್ಚಿದ ಹಾಗೆ ಅನ್ನಿಸಿತು, ಕೂದಲು ಸುಟ್ಟ ವಾಸನೆ ಬಂತು. ಆ ರಾತ್ರಿ ಮುಖ ಖಾರ ಹಚ್ಚಿದಂತೆ ಉರಿಯಿತು. ಮರುದಿನ ಬಾವು, ಮೂರನೇ ದಿನದಿಂದ ಮರಳು ಕಾಗದ ಮುಟ್ಟಿದಂತಹ ಹಕ್ಕಳೆ, ವಾರದೊಳಗೆ ಅದು ಉದುರಿ ಗುಲಾಬಿ ಬಣ್ಣದ ಚರ್ಮ. ಒಂದೂವರೆ ತಿಂಗಳಿಗೊಮ್ಮೆ ಮತ್ತೆ ಅದೇ. ಕೊನೆಗೆ ಏನಾಯಿತು? "ರೊಕ್ಕ ಹಾಳಾತು ಅನ್ನಂಗಿಲ್ಲ ಆಪಾ. ಅರ್ಧ ಕಮ್ಮಿ ಆಗ್ಯಾವು. ಖರೆ, ಅಲ್ಲಿ ಗ್ವಾಡಿ ಮ್ಯಾಲಿನ ಫೋಟೋದಾಗ ಇದ್ದಂಗ ಆಗಿಲ್ಲ." ಅರ್ಧ ಕಡಿಮೆಯಾಗಿದೆ ಎಂದರೆ ಅದು ಒಳ್ಳೆಯ ಫಲಿತಾಂಶ. ತಜ್ಞರೂ ಪೂರ್ತಿ ಹೋಗುತ್ತದೆಂದು ಹೇಳುವುದಿಲ್ಲ. ಪೂರ್ತಿ ಹೋಗುತ್ತದೆಂದು ಮಾತು ಕೊಡುವವರ ಬಾಗಿಲಿಗೆ ಹೋಗದಿರುವುದೇ ಲೇಸು.

ಎರಡನೆಯವಳ ಕತೆ ಬೇರೆ. ಇಪ್ಪತ್ತೊಂದರ ಹುಡುಗಿ. ಮೇ ತಿಂಗಳಲ್ಲಿ ನಿಕಾಹ್, ಏಪ್ರಿಲ್‌ನಲ್ಲಿ ಲೇಸರ್. ಕೆನ್ನೆಯ ಮೇಲೆ ಮೊಡವೆಗಳು ಇನ್ನೂ ಏಳುತ್ತಲೇ ಇದ್ದವು. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಒಂದೇ ಸಲಕ್ಕೆ ಜೋರಾಗಿ ಮಾಡಿಬಿಟ್ಟರು. 40 ಡಿಗ್ರಿ ದಾಟುವ ನಮ್ಮ ವಿಜಯಪುರ ಜಿಲ್ಲೆಯ ಬಿಸಿಲು, ಅದರಲ್ಲಿ ಬಟ್ಟೆ ಖರೀದಿಗೆ ಓಡಾಟ. ಹಕ್ಕಳೆ ಉದುರಿದ ಮೇಲೆ ಎರಡೂ ಕೆನ್ನೆ ಜಾಲರಿಯಂತೆ ಕಂದಿ ಕಪ್ಪಾದವು. ನಮ್ಮಂತಹ ಗೋಧಿ ಬಣ್ಣ, ಕಪ್ಪು ಬಣ್ಣದವರ ಚರ್ಮದಲ್ಲಿ ಮೆಲನಿನ್ ಹೆಚ್ಚು. ಗಾಯವಾದಾಗ, ಬಿಸಿಲು ತಾಗಿದಾಗ ಅದು ಇನ್ನಷ್ಟು ಬಣ್ಣ ಸುರಿಸುತ್ತದೆ. ಬಿಳಿ ಚರ್ಮದವರಿಗೆ ಇಟ್ಟ ಶಕ್ತಿಯನ್ನೇ ನಮಗೂ ಇಟ್ಟರೆ ಈ ಅಪಾಯ ಏರುತ್ತದೆ. ಆದ್ದರಿಂದಲೇ ಕಡಿಮೆ ಶಕ್ತಿಯಲ್ಲಿ ಹೆಚ್ಚು ಸಲ, ಚಳಿಗಾಲದಲ್ಲಿ ಮಾಡಿಸುವುದು ಒಳ್ಳೆಯದು. ಆ ಕಪ್ಪು ತಿಳಿಯಾಗಲು ಎಂಟು ತಿಂಗಳು ಹಿಡಿಯಿತು. ನಿಕಾಹ್ ನಡೆಯಿತು, ಆದರೆ ಮದುಮಗಳು ದಪ್ಪ ಬಣ್ಣ ಬಳಿದುಕೊಂಡು ಮೂರು ದಿನ ಅತ್ತೆ ಮನೆಯಲ್ಲಿ ಮುಖ ತೊಳೆಯಲು ಹೆದರಿದಳಂತೆ. ವುಝೂ ಮಾಡಲು ಎಲ್ಲರೂ ಮಲಗುವುದನ್ನು ಕಾಯುತ್ತಿದ್ದಳಂತೆ.

ಅವಳ ವಿಷಯದಲ್ಲಿ ಇನ್ನೊಂದು ಸಂಗತಿ ಆಮೇಲೆ ಹೊರಬಿತ್ತು. ಎರಡು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಒಂದು 'ಬಿಳುಪಿನ ಕ್ರೀಮು' ಹಚ್ಚುತ್ತಿದ್ದಳು. ನಮ್ಮ ಕಡೆ ಬಹಳ ಮನೆಗಳಲ್ಲಿ ಇದಿದೆ, ಸ್ನೋ ಪೌಡರಿನ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ, ಗುಳ್ಳೆ ಕೂರುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಗಡ್ಡದ ಜಾಗದಲ್ಲಿ ಕೂದಲು ಹುಟ್ಟುತ್ತದೆ, ಮೊಡವೆಗಳೇ ಹೆಚ್ಚುತ್ತವೆ. ಬಿಟ್ಟರೆ ಮುಖ ಉರಿದೇಳುತ್ತದೆ, ಆದ್ದರಿಂದ ಬಿಡಲೂ ಆಗುವುದಿಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂತಹ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾನೂನು ಬಂತು, ಆದರೆ ಅಂಗಡಿಯಲ್ಲಿ ಕೇಳಿದವರಿಗೆ ಸಿಗುವುದು ನಿಂತಿಲ್ಲ. ಚರ್ಮರೋಗ ವೈದ್ಯರಲ್ಲಿಗೆ ಹೋಗುವಾಗ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಒಯ್ಯಿರಿ. ನಾಚಿಕೆಪಟ್ಟು ಮುಚ್ಚಿಡಬೇಡಿ.

ಮನೆಮದ್ದಿನ ಮಾತೂ ಬಂತು. ನಮ್ಮ ಇಂಡಿಯ ನಿಂಬೆ ಹೆಸರುವಾಸಿ. ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ, ನಮಗೆಲ್ಲ ಹೆಮ್ಮೆ. ಆದರೆ ಅದು ಇರಬೇಕಾದದ್ದು ಉಪ್ಪಿನಕಾಯಿಯಲ್ಲಿ, ಶರಬತ್ತಿನಲ್ಲಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಪಟ್ಟೆ ಬೀಳುತ್ತದೆ. ಟೂತ್‌ಪೇಸ್ಟ್ ಹಚ್ಚುವವರಿಗೂ ಇದೇ ಮಾತು.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲು ಮೊಡವೆ ನಿಲ್ಲಬೇಕು, ಆಮೇಲೆ ಕಲೆ. ಮೊಡವೆಗೆ ಬೆಂಝಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂತಹ ಮುಲಾಮುಗಳಿವೆ. ಅವು ಕೆಲಸ ತೋರಿಸಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನ ಹಚ್ಚಿ 'ಏನೂ ಆಗಲಿಲ್ಲ' ಎಂದು ಬಿಡುವವರೇ ಹೆಚ್ಚು. ಮುಟ್ಟು ಏರುಪೇರಾಗಿದ್ದರೆ, ಗದ್ದದ ಮೇಲೆ ಕೂದಲು ಬರುತ್ತಿದ್ದರೆ ಅಂಡಾಶಯದ ತೊಂದರೆ ಇದೆಯೇ ಎಂದು ನೋಡಿಸಬೇಕು. ಮೊಡವೆಗೇ ಲೇಸರ್ ಇಲ್ಲವೇ ಎಂದರೆ ಇದೆ. ಎಣ್ಣೆಗ್ರಂಥಿಗೆ ಗುರಿಯಿಡುವ 1726 ನ್ಯಾನೋಮೀಟರ್ ತರಂಗದ ಒಂದು ಯಂತ್ರಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಎಲ್ಲೆಡೆ ಮೊದಲ ಚಿಕಿತ್ಸೆ ಮುಲಾಮು, ಗುಳಿಗೆಗಳೇ.

ಗುಳಿಗೆಯ ವಿಷಯದಲ್ಲಿ ಒಂದು ಮಾತನ್ನು ದಯವಿಟ್ಟು ಎರಡು ಸಲ ಓದಿ. ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಔಷಧಿ ಕೊಡುತ್ತಾರೆ. ಬಹಳ ಪರಿಣಾಮಕಾರಿ. ಆದರೆ ಅದನ್ನು ತೆಗೆದುಕೊಳ್ಳುವಾಗ ಗರ್ಭ ನಿಂತರೆ ಮಗುವಿನ ಮೆದುಳು, ಹೃದಯ, ಮುಖದಲ್ಲಿ ಗಂಭೀರ ಊನವಾಗಬಹುದು. ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು. ನಿಕಾಹ್ ಗೊತ್ತಾದ ಹುಡುಗಿ ಇದನ್ನು ವೈದ್ಯರಿಗೆ ಹೇಳಲೇಬೇಕು. ಮದುವೆ ಮುಂದಿದೆ ಎಂದು ನಾಚಿಕೆಯಿಂದ ಬಾಯಿ ಬಿಡದ ಹುಡುಗಿಯರಿದ್ದಾರೆ. ತಾಯಿಯಾದರೂ ಹೇಳಲಿ. ಲೇಸರ್ ಮಾಡುವವರಿಗೂ ಈ ಗುಳಿಗೆಯ ವಿಷಯ ತಿಳಿಸಬೇಕು.

ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ಎಂ.ಡಿ. ಮಾಡಿದ ಚರ್ಮರೋಗ ತಜ್ಞರಲ್ಲಿಗೆ, ಬ್ಯೂಟಿ ಪಾರ್ಲರಿಗಲ್ಲ. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಮತ್ತು ಅಲ್-ಅಮೀನ್, ಕಲಬುರಗಿಯಲ್ಲಿ ಖಾಜಾ ಬಂದೇನವಾಜ್ ಮತ್ತು ಎಂ.ಆರ್. ವೈದ್ಯಕೀಯ ಕಾಲೇಜುಗಳಿವೆ. ಮೊದಲು ಇಂತಹ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ, ಲೇಸರ್ ಬೇಕೇ ಬೇಡವೇ ಎಂದು ಅಲ್ಲಿಯೇ ಕೇಳಿ. ತುಟಿಯ ಬಳಿ ಆಗಾಗ ಜ್ವರದ ಗುಳ್ಳೆ ಏಳುವವರು, ಹಳೆಯ ಗಾಯ ಗಂಟುಗಟ್ಟಿ ದಪ್ಪವಾಗುವವರು ಅದನ್ನೂ ಮೊದಲೇ ಹೇಳಬೇಕು. ಖರ್ಚು ಒಂದು ಸಲಕ್ಕೇ ಸಾವಿರಾರು ರೂಪಾಯಿ, ಮೂರರಿಂದ ಆರು ಸಲ ಬೇಕಾಗಬಹುದು. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ, ಆಮೇಲೆ ಕಿವಿಯ ಓಲೆಗೆ ಕೈ ಹಚ್ಚಿ.

ಮೊಡವೆ ತಣಿಯಲು ಆರು ತಿಂಗಳು, ಲೇಸರ್‌ಗೆ ಇನ್ನಾರು ತಿಂಗಳು. ನಮ್ಮಲ್ಲಿ ಈ ಒಂದು ವರ್ಷ ಯಾರಿಗೂ ಇಲ್ಲ. ಕಾರಣ ಹುಡುಗಿಯ ಮುಖವಲ್ಲ, ಹೆಣ್ಣು ನೋಡಲು ಬರುವವರು. ಹೆಣ್ಣು ನೋಡುವುದಕ್ಕೆ ಧರ್ಮದಲ್ಲಿ ಅನುಮತಿಯಿದೆ, ನೋಡಿಯೇ ಮದುವೆಯಾಗುವಂತೆ ಪ್ರವಾದಿವರ್ಯರು(ಸ) ಮುಗೀರಾ(ರ) ಅವರಿಗೆ ಹೇಳಿದ್ದರು. ಅವರಿಬ್ಬರಲ್ಲಿ ಪ್ರೀತಿ ಬೆಳೆಯಲಿ ಎಂದು ಹೇಳಿದ್ದು. ಈಗ ನಡೆಯುವುದೇನು? ಹುಡುಗನ ತಾಯಿ, ಫುಪ್ಪಿ, ಅಕ್ಕ ಮೂವರೂ ಬಂದು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ಕೆನ್ನೆ ಪರೀಕ್ಷಿಸುತ್ತಾರೆ, ಸಂತೆಯಲ್ಲಿ ಬದನೆಕಾಯಿಯ ಹುಳುಕು ಹುಡುಕಿದ ಹಾಗೆ. ಇದಕ್ಕಿಂತ ಮೊದಲೇ ಮೊಬೈಲಿನಲ್ಲಿ ನುಣ್ಣಗೆ ಮಾಡಿದ ಫೋಟೋ ಹೋಗಿರುತ್ತದೆ. ಎದುರಿಗೆ ನೋಡಿದಾಗ 'ಫೋಟೋದಲ್ಲಿ ಹೀಗಿರಲಿಲ್ಲ' ಎಂಬ ಮಾತು. ಫೋಟೋ ಕಳಿಸುವವರು ಇದ್ದಂತೆಯೇ ಕಳಿಸಿದರೆ ಈ ಅವಮಾನದ ಅರ್ಧ ತಪ್ಪುತ್ತದೆ.

ನಮ್ಮ ದಾದಿ, ನಾನಿಯರ ಕಾಲದಲ್ಲಿ ಪ್ರತಿ ಓಣಿಯಲ್ಲೂ ಸಿಡುಬಿನ ಗುಳಿಗಳ ಮುಖಗಳಿದ್ದವು. ನಮ್ಮ ದೇಶದಲ್ಲಿ ಸಿಡುಬು ಕೊನೆಯಾದದ್ದು 1975ರಲ್ಲಿ, ಬಹಳ ಹಿಂದಿನ ಮಾತಲ್ಲ. ಆ ಮುಖಗಳಿಗೂ ಮದುವೆಯಾಯಿತು, ಅವರ ಮಡಿಲಲ್ಲೇ ನಾವು ಬೆಳೆದೆವು. ಆದರೆ ಹಾಗೆಂದು ಇಂದಿನ ಹುಡುಗಿಗೆ 'ಸಬರ್ ಮಾಡು' ಎಂದಷ್ಟೇ ಹೇಳಿ ಕಳಿಸುವುದೂ ನನಗೆ ಒಪ್ಪಿಗೆಯಿಲ್ಲ. ಆಕೆಗೆ ನೋವಿದೆ, ಚಿಕಿತ್ಸೆಯೂ ಇದೆ. ನಿಕಾಹ್‌ನ ತಾರೀಖನ್ನು ಮುಂದೂಡಿ ಎಂದು ಹುಡುಗಿಯ ತಂದೆ ಹೇಳಲಾರದಿದ್ದರೆ, ಲೇಸರ್ ನಿಕಾಹ್ ಆದ ಮೇಲೆ ಮಾಡಿಸಲಿ. ಹುಡುಗನಿಗೆ ಇದ್ದದ್ದು ಇದ್ದಂತೆ ಹೇಳಿರಲಿ. ಒಬ್ಬ ಅಳಿಯ ತಾನೇ ಹೆಂಡತಿಯನ್ನು ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಪ್ರತಿ ಸಲವೂ ಆಸ್ಪತ್ರೆಗೆ ಹೋಗುವುದನ್ನು ನಾನು ಕಂಡಿದ್ದೇನೆ. ಆದರೆ ಗರ್ಭಿಣಿಯಾಗಿದ್ದಾಗ ಬೇಡ, ಅದು ಹೆರಿಗೆಯಾದ ಮೇಲೆ ಮಾಡಿಸಬಹುದಾದ ಕೆಲಸ.

ಕೊನೆಗೆ ಲೇಸರ್ ಆದ ನಂತರದ ಇಬಾದತ್ ಬಗ್ಗೆ. ಎಷ್ಟು ಹೊತ್ತು ನೀರು ಸೋಕಿಸಬಾರದೆಂದು ವೈದ್ಯರನ್ನೇ ಕೇಳಿ, ಸಾಮಾನ್ಯವಾಗಿ ಆ ಅವಧಿ ಚಿಕ್ಕದು. ಅಷ್ಟು ಹೊತ್ತು ಉಳಿದ ಅಂಗಗಳನ್ನು ತೊಳೆದು, ಮುಖದ ಮೇಲೆ ಒದ್ದೆ ಕೈ ಸವರಿ. ಅದರಿಂದಲೂ ಹಾನಿಯೆಂದು ವೈದ್ಯರು ಹೇಳಿದರೆ ಅದನ್ನೂ ಬಿಡಬಹುದು. ಹನಫಿ ಫಿಕ್ಹ್‌ನಲ್ಲಿ ಗಾಯವಾದವರಿಗೆ ಈ ರಿಯಾಯಿತಿ ಇದೆ, ನಮಾಝ್ ಬಿಡುವುದಕ್ಕೆ ಮಾತ್ರ ಕಾರಣವಿಲ್ಲ. ಹಣೆಯ ಮೇಲೆ ಮಾಡಿಸಿದ್ದರೆ ಒರಟು ಚಾಪೆಯ ಬದಲು ತೊಳೆದ ಮೆತ್ತನೆಯ ಹತ್ತಿ ಬಟ್ಟೆಯ ಮೇಲೆ ಸಜ್ದಾ ಮಾಡಿ. ಚರ್ಮಕ್ಕೆ ಹಚ್ಚುವ ಮುಲಾಮಿನಿಂದ ಉಪವಾಸ ಮುರಿಯುವುದಿಲ್ಲ, ಗುಳಿಗೆಗಳನ್ನು ಸಹರಿ, ಇಫ್ತಾರ್‌ಗೆ ಹೊಂದಿಸಿಕೊಡಲು ಕೇಳಿ. ನಕಾಬಿನ ಬಟ್ಟೆ ಮೃದುವಾಗಿರಲಿ, ದಿನಾ ಒಗೆದದ್ದಿರಲಿ. ಬೆವರಿದ ಬಟ್ಟೆ ಉಜ್ಜಿ ಮೊಡವೆ ಹೆಚ್ಚುವುದನ್ನು 2020ರ ಕೊರೋನಾ ಕಾಲದ ಮಾಸ್ಕ್‌ಗಳು ಎಲ್ಲರಿಗೂ ತೋರಿಸಿದವು. ಮುಖ ಮುಚ್ಚಿದ್ದರೂ ಸನ್‌ಸ್ಕ್ರೀನ್ ಬೇಕು. ವುಝೂ ಮಾಡಿದಾಗ ಅದು ತೊಳೆದು ಹೋಗುತ್ತದೆ, ಆದ್ದರಿಂದ ಝುಹ್‌ರ್ ನಮಾಝಿನ ನಂತರ ಮತ್ತೊಮ್ಮೆ ಹಚ್ಚಿ. ನೀರು ತಾಗದಂತೆ ಪದರ ಕಟ್ಟುವ ಬಗೆಯದಾದರೆ ವುಝೂಗೆ ಮೊದಲು ವೈದ್ಯರು ಹೇಳಿದ ಸೌಮ್ಯ ಸೋಪಿನಿಂದ ಅದನ್ನು ತೆಗೆದುಬಿಡಿ.