ಬಾತ್‌ರೂಮಿನ ಬೂಷ್ಟಿಗೆ ಬ್ರಷ್ ಸಾಲದು, ಗಾಳಿ ಬೇಕು

ಬೆಂಗಳೂರಿನಲ್ಲಿ ಪಿ.ಜಿ. ಹುಡುಕುವಾಗ ನಾವೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ವೈಫೈ ಇದೆಯಾ? ಬಿಸಿನೀರು ಎಷ್ಟು ಹೊತ್ತು ಬರುತ್ತೆ? ಅಡ್ವಾನ್ಸ್ ಎಷ್ಟು? ಬಾತ್‌ರೂಮಿಗೆ ಕಿಟಕಿ ಇದೆಯಾ ಎಂದು ಕೇಳುವವರು ಕಡಿಮೆ. ಮಳೆಗಾಲದಲ್ಲಿ ಚಾವಣಿಯ ಮೂಲೆಗೆ ಕಪ್ಪು ಚುಕ್ಕೆ ಹಬ್ಬಿ, ಒಗೆದ ಟವೆಲ್ಲೂ ಮುಗ್ಗಲು ವಾಸನೆ ಹೊಡೆದಾಗಲೇ ಕಿಟಕಿಯ ನೆನಪು. ಆಗ ಓನರ್ ಹೇಳುವುದು, ‘ನೀವು ಕ್ಲೀನಾಗಿ ಇಟ್ಕೊಳ್ಳಲ್ಲ’. ರೂಮ್ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಅಡ್ವಾನ್ಸ್‌ಗೂ ಕತ್ತರಿ.

ಈ ಆರೋಪ ಅರ್ಧ ಮಾತ್ರ ನಿಜ. ಬೂಷ್ಟಿನ ಬೀಜಕಣಗಳು ಎಲ್ಲ ಕಡೆ ಗಾಳಿಯಲ್ಲಿರುತ್ತವೆ. ಒಂದೆರಡು ದಿನ ಒಣಗದ ಜಾಗ ಸಿಕ್ಕರೆ ಬೆಳೆಯತೊಡಗುತ್ತವೆ. ಒಂದು ಸಣ್ಣ ಲೆಕ್ಕ ನೋಡಿ: 2 ಮೀಟರ್ ಉದ್ದ, 1.5 ಮೀಟರ್ ಅಗಲ, 2.5 ಮೀಟರ್ ಎತ್ತರದ ಬಾತ್‌ರೂಮಿನಲ್ಲಿರುವುದು 7.5 ಘನ ಮೀಟರ್ ಗಾಳಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ಅಂದರೆ ಇಡೀ ಬಾತ್‌ರೂಮಿಗೆ ಸುಮಾರು 170 ಗ್ರಾಂ, ಒಂದು ಲೋಟ ನೀರು! ಸ್ನಾನದ ನಂತರ ನೆಲ, ಗೋಡೆ, ಟವೆಲಿನಲ್ಲಿ ಉಳಿಯುವ ನೀರು ಅದಕ್ಕಿಂತ ಹೆಚ್ಚು. ಒಳಗಿನ ಗಾಳಿ ಹೊರಹೋಗದಿದ್ದರೆ ಎಷ್ಟು ಉಜ್ಜಿದರೂ ಗೋಡೆ ಒಣಗದು.

ಕರೆಂಟ್ ಬಿಲ್ಲಿಗೆ ಹೆದರಿ ಎಕ್ಸಾಸ್ಟ್ ಫ್ಯಾನ್ ಹಾಕಿಸದ ಓನರ್‌ಗಳೂ ಈ ಲೆಕ್ಕ ಮಾಡಲಿ. 30 ವಾಟ್‌ನ ಫ್ಯಾನ್ ದಿನಕ್ಕೆ ಎರಡು ಗಂಟೆ ತಿರುಗಿದರೆ ತಿಂಗಳಿಗೆ ಎರಡು ಯೂನಿಟ್ ಕೂಡ ಆಗುವುದಿಲ್ಲ. ಆದರೆ ಫ್ಯಾನ್ ಗಾಳಿಯನ್ನು ಕಟ್ಟಡದ ಹೊರಗೆ ತಳ್ಳಬೇಕು, ಹೊಸ ಗಾಳಿ ಒಳಬರಲು ಬಾಗಿಲ ಕೆಳಗೆ ಸಂದು ಇರಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಸ್ನಾನ ಮುಗಿದ ಮೇಲೆ ಗೋಡೆ, ನೆಲಕ್ಕೆ ಒಮ್ಮೆ ವೈಪರ್ ಎಳೆಯೋಣ. ಒದ್ದೆ ಬಟ್ಟೆ ಅಲ್ಲೇ ನೇತುಹಾಕುವುದು ಬೇಡ. ಬೂಷ್ಟು ಬಂದಾಗಿದ್ದರೆ ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಟೈಲ್ಸ್ ಮೇಲಿನ ಕಲೆ ಹೋಗದಿದ್ದರೆ ಒಂದು ಲೀಟರ್ ನೀರಿಗೆ 60 ಮಿ.ಲೀ. ಬ್ಲೀಚ್ ದ್ರಾವಣ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಗ್ಲೌಸ್ ಹಾಕಿಕೊಳ್ಳಿ, ಬಾಗಿಲು ತೆರೆದಿರಲಿ. ಬ್ಲೀಚ್ ಜೊತೆ ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಮಾತ್ರ ಎಂದಿಗೂ ಬೆರೆಸಬೇಡಿ. ಅದರಿಂದ ಹೊರಡುವ ಕ್ಲೋರಿನ್ ಅನಿಲ, ಕಿಟಕಿಯಿಲ್ಲದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಮೇಲಿನ ಮನೆಯ ಪೈಪ್ ಸೋರಿ ಗೋಡೆ ಒದ್ದೆಯಾಗಿದ್ದರೆ ಬ್ಲೀಚ್ ಆಗಲಿ ಪೇಂಟ್ ಆಗಲಿ ಕಲೆ ಮುಚ್ಚುತ್ತದೆ ಅಷ್ಟೆ. ಸೋರಿಕೆ ನಿಲ್ಲಿಸುವುದು ಓನರ್ ಕೆಲಸ.

ಇದು ಬರೀ ಅಂದಚೆಂದದ ಮಾತಲ್ಲ. ತೇವ ಮತ್ತು ಬೂಷ್ಟು ಇರುವ ಕಟ್ಟಡಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿ ಎಚ್ಚರಿಸಿದೆ. ಪರೀಕ್ಷೆ, ಇಂಟರ್‌ವ್ಯೂಗಳ ನಡುವೆ ಕೆಮ್ಮುತ್ತಾ ಕೂರುವುದು ಯಾರಿಗೆ ಬೇಕು?

ಹಾಗಾಗಿ ಮುಂದಿನ ಸಲ ಅಡ್ವಾನ್ಸ್ ಕೊಡುವ ಮುನ್ನ ಬಾತ್‌ರೂಮಿನ ಚಾವಣಿ ನೋಡಿ. ಎಕ್ಸಾಸ್ಟ್ ಫ್ಯಾನ್ ಹಾಕಿ ಒಂದು ಹಾಳೆ ಹಿಡಿಯಿರಿ, ಹಾಳೆ ಫ್ಯಾನ್ ಕಡೆಗೆ ಎಳೆದುಕೊಂಡರೆ ಸರಿ. ರೂಮಿಗೆ ಸೇರಿದ ದಿನವೇ ಗೋಡೆಗಳ ಫೋಟೊ ತೆಗೆದು ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ನಾಳೆ ಅಡ್ವಾನ್ಸ್ ಹಿಡಿಯಲು ಬಂದರೆ ತೋರಿಸಲು ಅದೊಂದಾದರೂ ಇರುತ್ತದೆ.