ಜೋಗಿಯ ಕೈಯಲ್ಲಿ ಕೊಳಲು

ನಮ್ಮ ಮಲ್ಲೇಶ್ವರಂ 14ನೇ ಕ್ರಾಸಿನ ಸೇವಾಸದನದಲ್ಲಿ ಮೊನ್ನೆ ಮೊಮ್ಮಗಳ ಸಹಪಾಠಿಯೊಬ್ಬ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಡಿಸಿದ. ಏಳನೇ ಕ್ಲಾಸಿನ ಹುಡುಗ ಇಪ್ಪತ್ತು ಇಲಿಗಳನ್ನು ಕುಣಿಸುವುದೆಂದರೆ ಸುಮ್ಮನೆಯೇ? ಎಲ್ಲರೂ ‘ಸೂಪರ್’ ಎಂದರು. ಇವಳು ಮಾತ್ರ ಗಪ್‌ಚುಪ್.

“ತಾತ, ಗೌಡ ದುಡ್ಡು ಕೊಡಲ್ಲ ಅಂದದ್ದು ಕೇಳಿಸಲೇ ಇಲ್ಲ. ಹೇಳಿದ್ರೆ ಅವನು ಠೂ ಬಿಡ್ತಾನೆ. ಶನಿವಾರ ಇನ್ನೊಂದು ಪ್ರದರ್ಶನ ಇದೆ!”

ಮಕ್ಕಳೇ, ಅವಳ ಕಿವಿ ಸೂಕ್ಷ್ಮ. ಗೌಡ ಮಾತಿಗೆ ತಪ್ಪಿದ್ದು ತಿಳಿಯದಿದ್ದರೆ ಜೋಗಿ ಬರೀ ಮಕ್ಕಳ ಕಳ್ಳನಾಗಿಬಿಡುತ್ತಾನಲ್ಲ!

“ಎಲ್ಲರೆದುರು ಬೇಡ, ಅವನೊಬ್ಬನೇ ಇದ್ದಾಗ ಹೇಳು. ‘ಚೆನ್ನಾಗಿರಲಿಲ್ಲ’ ಅನ್ನಬೇಡ, ಯಾವ ಮಾತು ಕೇಳಿಸಲಿಲ್ಲ ಅಂತ ಹೇಳು. ಇಲಿಗಳ ಕುಣಿತ ನಿನಗೆ ನಿಜವಾಗಿ ಹಿಡಿಸಿತಲ್ಲ, ಅದನ್ನೂ ಹೇಳು” ಎಂದೆ. ನನ್ನದೂ ಒಂದು ಸೇರಿಸಿದೆ: ಜೋಗಿಯ ಕೈಲಿ ಕೊಳಲಿತ್ತು. ಇಂಗ್ಲಿಷಿನ ಬ್ರೌನಿಂಗ್ 1842ರಲ್ಲಿ ಬರೆದ ಪದ್ಯದಲ್ಲಿ ಊದುವ ವಾದ್ಯ ಸರಿ. ಕುವೆಂಪು ನಮ್ಮ ಜೋಗಿಗೆ ಕೊಟ್ಟದ್ದು ಕಿಂದರಿ, ತಂತಿವಾದ್ಯ.

ಮರುದಿನ ಹೇಳಿದಳಂತೆ. ಹುಡುಗ ಮುಖ ಊದಿಸಿಕೊಂಡು ಹೊರಟೇಹೋದನಂತೆ. ಇಡೀ ದಿನ ಇವಳಿಗೂ ಊಟ ರುಚಿಸಲಿಲ್ಲ.

ಸಂಜೆ ಗೇಟು ಸದ್ದಾಯಿತು.

“ತಾತ, ರಟ್ಟು, ತಂತಿ ಇದ್ರೆ ಕೊಡ್ತೀರಾ? ಕಿಂದರಿ ಮಾಡ್ಬೇಕು. ಗೌಡನನ್ನೂ ಕರ್ಕೊಂಡು ಬಂದಿದೀನಿ, ಅಲ್ಲಿಂದ ಕೂಗಿಸ್ತೀನಿ, ಕೇಳುತ್ತಾ ಹೇಳಿ.”